ಸುಳಿವು ಬಚ್ಚಿಡುವವರ ಕಥೆ

ನಿವೃತ್ತಿಯ ನಂತರ ನಾನು ಹೆಚ್ಚಾಗಿ ಓದಿದ್ದು ಎರಡು ಬಗೆಯ ಪುಸ್ತಕಗಳನ್ನು: ವಚನ ಸಂಪುಟಗಳು ಮತ್ತು ಪತ್ತೇದಾರಿ, ಗೂಢಚಾರಿಕೆಯ ಕಾದಂಬರಿಗಳು. ಇವೆರಡಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಶರಣ ಬಂಧುಗಳು ಕೇಳಬಹುದು. ಓದುಗನ ವಿವೇಚನೆಯನ್ನು ಗೌರವಿಸುವುದೇ ಆ ಸಂಬಂಧ. ವಚನಗಳು ಈಗಲೂ ಅದನ್ನು ಗೌರವಿಸುತ್ತವೆ. ಈಚಿನ ಕಾದಂಬರಿಗಳು ಮಾತ್ರ ನಿರಾಸೆ ಮಾಡುತ್ತಿವೆ.

ನಮ್ಮ ತಲೆಮಾರಿಗೆ ಈ ರುಚಿ ಹತ್ತಿಸಿದವರು ಎನ್. ನರಸಿಂಹಯ್ಯನವರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ವಾಚನಾಲಯದಲ್ಲಿ ಪಾಳಿ ಹಚ್ಚುತ್ತಿದ್ದೆವು. ಮುಂದೆ ಇಂಗ್ಲಿಷ್ ಪುಸ್ತಕಗಳು ಸಿಕ್ಕವು. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಬಚ್ಚಿಡಬಾರದು, ಅತಿಮಾನುಷ ಶಕ್ತಿಯಿಂದ ಒಗಟು ಬಿಡಿಸಬಾರದು ಎಂಬುವು ಅವುಗಳಲ್ಲಿ ಸೇರಿವೆ. ದೇವರನ್ನು ನಂಬಿದವರೇ ಹೀಗೆ ಹೇಳಿದರು ಎಂಬುದನ್ನು ಗಮನಿಸಿ. ಚೆಸ್ಟರ್‌ಟನ್ 1911ರಲ್ಲಿ ಪ್ರಕಟಿಸಿದ ಸಂಕಲನದ ಮೊದಲ ಕಥೆಯಲ್ಲಿ ಪಾದ್ರಿಯ ವೇಷ ತೊಟ್ಟ ಕಳ್ಳನೊಬ್ಬ ಸಿಕ್ಕಿಬೀಳುತ್ತಾನೆ. ಅವನು ವಿವೇಚನೆಯನ್ನೇ ಹಳಿದದ್ದರಿಂದ ಫಾದರ್ ಬ್ರೌನ್‌ಗೆ ಅವನ ವೇಷ ತಿಳಿಯುತ್ತದೆ. ಈ ಪರೀಕ್ಷೆ ನಮ್ಮ ಕಾವಿಗೂ ಸಲ್ಲುತ್ತದೆ.

ಈಗಿನ ಕಾದಂಬರಿಗಳಲ್ಲಿ ಮುನ್ನೂರು ಪುಟ ಓದಿದ ಮೇಲೆ ಎಲ್ಲಿಯೂ ಸುಳಿಯದ ಒಬ್ಬ ಅವಳಿ ಸೋದರ ಪ್ರತ್ಯಕ್ಷನಾಗಿ ಕೊಲೆಗಾರನಾಗುತ್ತಾನೆ. ಗೂಢಚಾರಿಕೆಯ ಕಥೆಗಳ ಪಾಡು ಇನ್ನೂ ಕೆಟ್ಟದ್ದು. ಜಾನ್ ಲ ಕಾರೆ 1963ರ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಸ್ವಂತ ದೇಶದ ಗೂಢಚಾರ ಸಂಸ್ಥೆಯೇ ತನ್ನ ಮನುಷ್ಯನನ್ನು ದಾಳವಾಗಿ ಬಳಸಿದ್ದನ್ನು ತೋರಿಸಿದರು. ಇಂದಿನ ಎಷ್ಟೋ ಕಥೆಗಳಲ್ಲಿ ನಾಯಕ ಎಂದೂ ತಪ್ಪುವುದಿಲ್ಲ. ವೈರಿ ಯಾರೆಂದು ಅವನ ಧರ್ಮ ನೋಡಿಯೇ ಮೊದಲ ಪುಟದಲ್ಲಿ ಹೇಳಬಹುದು.

ಇದೇ ಕಥೆಯನ್ನು ಇಂದು ರಾಜಕೀಯದ ವೇದಿಕೆಗಳಿಂದಲೂ ಹೇಳುತ್ತಾರೆ. ಒಳಸಂಚು ನಡೆದಿದೆ, ವೈರಿ ನಿಮ್ಮ ಓಣಿಯಲ್ಲೇ ಇದ್ದಾನೆ, ಸಾಕ್ಷಿ ಕೇಳಬೇಡಿ ಎನ್ನುತ್ತಾರೆ. ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ಅಳತೆ ಪುಸ್ತಕದಲ್ಲಿ ದಾಖಲಾಗದ ಕೆಲಸಕ್ಕೆ ಬಿಲ್ಲು ಪಾಸಾಗುವಂತಿಲ್ಲ, ಬರೆದ ಅಳತೆಯನ್ನು ಮೇಲಿನವರು ಸ್ಥಳಕ್ಕೆ ಬಂದು ಮರುಪರಿಶೀಲಿಸಬೇಕು. ಒಂದು ಸೇತುವೆಗೆ ಕೇಳುವಷ್ಟು ಸಾಕ್ಷಿಯನ್ನು ನೆರೆಯವನ ಮೇಲಿನ ಆರೋಪಕ್ಕೆ ಕೇಳಬಾರದೇ?

ನಮ್ಮ ಮಠಗಳ ಅಂಗಳದಲ್ಲೂ ಈ ಪ್ರಶ್ನೆ ಏಳಬೇಕು. ಪೂಜ್ಯರು ಒಳಪಂಗಡಕ್ಕೊಂದು ಮಂತ್ರಿಸ್ಥಾನ ಕೇಳುವಾಗ, ಅದರಿಂದ ಯಾವ ಕಾಯಕ ಜೀವಿಗೆ ಏನು ಸಿಕ್ಕಿತು ಎಂಬ ಲೆಕ್ಕವನ್ನು ಭಕ್ತರು ಕೇಳುವುದು ಅವಿಧೇಯತೆಯಲ್ಲ. ಅನುಭವ ಮಂಟಪ ಕಟ್ಟಿದವರ ವಾರಸುದಾರರಿಗೆ ಅದು ಸಹಜ ಧರ್ಮ.

ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಡಾ. ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. 2017ರಲ್ಲಿ ಗೌರಿ ಲಂಕೇಶರು ಹತರಾದ ಮೇಲೆ, ಎರಡೂ ಕಡೆ ಬಳಕೆಯಾದದ್ದು ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಗುಂಡಿನ ಮೇಲಿನ ಗೀರುಗಳೇ ಸಾಕ್ಷಿ ನುಡಿದವು. ಪತ್ತೇದಾರಿಕೆ ಎಂದರೆ ಇದು. ಆದರೆ ಇನ್ನೊಂದನ್ನೂ ಮರೆಯಬಾರದು. ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಕಲಬುರ್ಗಿಯವರು 1989ರಲ್ಲೇ ಹಿಂದಕ್ಕೆ ಪಡೆಯಬೇಕಾಯಿತು, ಮತ್ತು ಆಗ ಒತ್ತಡ ಹಾಕಿದವರು ನಮ್ಮ ಸಮಾಜದವರೇ. ಪ್ರಶ್ನೆ ಕೇಳುವವನ ಬಾಯಿ ಮುಚ್ಚಿಸುವ ರೂಢಿ ಹೊರಗಿನಿಂದ ಮಾತ್ರ ಬಂದದ್ದಲ್ಲ.

ಆದ್ದರಿಂದ ನನ್ನ ಸಲಹೆ ಸರಳ. ಮಠಗಳಲ್ಲಿ ತಿಂಗಳಿಗೊಮ್ಮೆ ನಡೆಯುವ ಶಿವಾನುಭವ ಗೋಷ್ಠಿಯಲ್ಲಿ ಉಪನ್ಯಾಸದ ಸಮಯವನ್ನು ಅರ್ಧಕ್ಕಿಳಿಸಿ, ಉಳಿದ ಅರ್ಧವನ್ನು ಭಕ್ತರ ಪ್ರಶ್ನೆಗೆ ಬಿಡಲಿ. ಮಠದ ಆಯವ್ಯಯವನ್ನು ವರ್ಷಕ್ಕೊಮ್ಮೆ ಅದೇ ಗೋಷ್ಠಿಯಲ್ಲಿ ಓದಿ ಹೇಳಲಿ. ಕೆಟ್ಟ ಕಾದಂಬರಿಯಿಂದ ಓದುಗನಿಗೆ ನಷ್ಟವಾಗುವುದು ಒಂದು ಸಂಜೆ. ಸುಳಿವು ಬಚ್ಚಿಡುವ ನಾಯಕತ್ವದಿಂದ ನಷ್ಟವಾಗುವುದು ಒಂದಿಡೀ ತಲೆಮಾರು.