ಲೋಹಕ್ಕೆ ಜೀವ ಬಂದರೆ ಹೊಣೆ ಯಾರದು?

ಕಳೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಡೆದದ್ದು. ಪ್ರಸಾದಕ್ಕೆ ಏಳುವ ಹೊತ್ತಾಗಿತ್ತು. ಪ್ರಶ್ನೆ ಇದ್ದವರು ಕೇಳಬಹುದು ಎಂದು ಪೂಜ್ಯರು ಹೇಳಿದಾಗ ಎಂದಿನಂತೆ ನಾವೆಲ್ಲ ಸುಮ್ಮನೆ ಕುಳಿತಿದ್ದೆವು. ಹಿಂದಿನ ಸಾಲಿನಿಂದ ಪಿಯುಸಿ ಓದುವ ಹುಡುಗನೊಬ್ಬ ಎದ್ದು ನಿಂತ. “ಬುದ್ಧೀ, ವಿಜ್ಞಾನಿಗಳು ಲೋಹದಿಂದ ಜೀವ ಮಾಡೋಕೆ ಹೊರಟಿದಾರಂತೆ. ಅದು ನಿಜವಾಗ್ಲೂ ಬದುಕಿಬಿಟ್ರೆ ಅದಕ್ಕೂ ಲಿಂಗದೀಕ್ಷೆ ಕೊಡಬಹುದಾ?” ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಪೂಜ್ಯರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಗೊತ್ತಿಲ್ಲಪ್ಪ. ಮೇಷ್ಟ್ರೇ, ಮೂವತ್ತು ವರ್ಷ ವಿಜ್ಞಾನ ಕಲಿಸಿದೋರು ನೀವು. ಪತ್ರಿಕೆಗೆ ಬರೆದುಕೊಡಿ” ಎಂದರು. ಆ ಅಪ್ಪಣೆಯ ಮೇಲೆ ಬರೆಯುತ್ತಿದ್ದೇನೆ.

ಮೊದಲಿಗೆ ಹುಡುಗ ಹೇಳಿದ್ದು ಕಟ್ಟುಕತೆಯಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಲೀ ಕ್ರೋನಿನ್ ಮತ್ತು ಅವರ ಸಂಗಡಿಗರು 2011ರಲ್ಲಿ ಟಂಗ್‌ಸ್ಟನ್‌ನಂಥ ಲೋಹದ ಪರಮಾಣುಗಳನ್ನು ಆಮ್ಲಜನಕದ ಜೊತೆ ಕಟ್ಟಿ, ದೊಡ್ಡ ದೊಡ್ಡ ಅಣುಗಳನ್ನು ಮಾಡಿ, ಅವುಗಳ ದ್ರಾವಣದಿಂದ ಕಣ್ಣಿಗೆ ಕಾಣುವಷ್ಟು ಗಾತ್ರದ ಪುಟ್ಟ ಚೀಲಗಳು ತಾವಾಗಿಯೇ ಮೂಡುವಂತೆ ಮಾಡಿದರು. ಚೀಲಕ್ಕೆ ಪೊರೆ ಇದೆ. ಆ ಪೊರೆ ಕೆಲವನ್ನು ಒಳಗೆ ಬಿಡುತ್ತದೆ, ಕೆಲವನ್ನು ತಡೆಯುತ್ತದೆ. ಒಂದರೊಳಗೆ ಇನ್ನೊಂದು ಚೀಲವನ್ನೂ ಕೂರಿಸಬಹುದು. ನಮ್ಮ ಮೈಯ ಜೀವಕೋಶ ಮಾಡುವ ಕೆಲಸಗಳಲ್ಲಿ ಒಂದೆರಡನ್ನು ಅದು ಮಾಡುತ್ತದೆ. ಅಷ್ಟಕ್ಕೆ ಅದು ಜೀವವಾಗುವುದಿಲ್ಲ. ಅದು ಮರಿ ಹಾಕುವುದಿಲ್ಲ, ತನ್ನ ಗುಣವನ್ನು ಮುಂದಿನದಕ್ಕೆ ದಾಟಿಸುವುದಿಲ್ಲ. ಆದರೆ ಅವರ ಗುರಿ ಅದೇ ಎಂಬುದನ್ನು ಅವರು ಮುಚ್ಚಿಟ್ಟಿಲ್ಲ. ಇಂಗಾಲವಿಲ್ಲದ ವಸ್ತುವಿನಲ್ಲೂ ವಿಕಾಸ ನಡೆಯಬಲ್ಲದು ಎಂದು ತೋರಿಸಬೇಕು ಎನ್ನುತ್ತಾರೆ.

ಈ ವಿಷಯ ಎತ್ತಿದರೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದೆಲ್ಲ ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿಬಿಟ್ಟಿದ್ದಾರೆ ಎನ್ನುವವರು ಒಂದು ಕಡೆ. ಸೃಷ್ಟಿ ಶಿವನ ಕೆಲಸ, ಮನುಷ್ಯ ಅದಕ್ಕೆ ಕೈ ಹಾಕಿದರೆ ಅಹಂಕಾರ ಎನ್ನುವವರು ಇನ್ನೊಂದು ಕಡೆ. ಇಬ್ಬರ ಜೊತೆಗೂ ನಾನಿಲ್ಲ. ಶರಣರು ಟಂಗ್‌ಸ್ಟನ್ ಬಗ್ಗೆ ಏನೂ ಹೇಳಿಲ್ಲ. ಹಾಗೆಯೇ, ಲೋಹ ಮುಟ್ಟಿದರೆ ಜೀವಕ್ಕೆ ಮೈಲಿಗೆ ಎಂಬ ಮಾತಿಗೂ ಅರ್ಥವಿಲ್ಲ. ನಮ್ಮ ರಕ್ತ ಕೆಂಪಾಗಿರುವುದು ಕಬ್ಬಿಣದಿಂದ. ಅಡಿಕೆ ಸೋಗೆ ಹಸಿರಾಗಿರುವುದು ಮೆಗ್ನೀಷಿಯಂ ಇರುವ ಪತ್ರಹರಿತ್ತಿನಿಂದ. ಒಬ್ಬ ಆರೋಗ್ಯವಂತನ ಮೈಯಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣ ಇರುತ್ತದೆ, ಒಂದು ಸಣ್ಣ ಮೊಳೆಯಷ್ಟು. ಅದಿಲ್ಲದಿದ್ದರೆ ಉಸಿರಿಲ್ಲ.

ಹುಡುಗನ ಪ್ರಶ್ನೆಗೆ ಹತ್ತಿರದ್ದೊಂದು ನೆನಪು ನಮ್ಮ ಸೀಮೆಯದೇ ಇದೆ. ಇಲ್ಲಿಂದ ಬಹಳ ದೂರವೇನಿಲ್ಲ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಮಪ್ರಭುಗಳ ಊರು. ಪ್ರಭುಗಳಿಗೂ ಸಿದ್ಧ ಗೋರಕ್ಷನಿಗೂ ನಡೆದ ಭೇಟಿಯನ್ನು ಶೂನ್ಯಸಂಪಾದನೆ ಓದಿದವರೆಲ್ಲ ಬಲ್ಲರು. ಗೋರಕ್ಷ ಸಾಧನೆಯಿಂದ ವಜ್ರದಂಥ ಕಾಯ ಪಡೆದವನು. ಕತ್ತಿಯಿಂದ ಹೊಡೆದು ನೋಡು ಎನ್ನುತ್ತಾನೆ. ಪ್ರಭುಗಳು ಹೊಡೆದರೆ ಖಣಿಲ್ ಎಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಆಮೇಲೆ ಅವನು ಪ್ರಭುಗಳ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಆಡಿದಂತೆ ಅತ್ತಿಂದಿತ್ತ ಹಾದು ಹೋಗುತ್ತದೆ. ನಾನು ಚಿಕ್ಕವನಿದ್ದಾಗ ಇದನ್ನು ಪವಾಡವೆಂದು ಕೇಳುತ್ತಿದ್ದೆ. ಈಗ ಬೇರೆ ರೀತಿ ಕೇಳಿಸುತ್ತದೆ. ಗೋರಕ್ಷನ ಸಾಧನೆ ಸುಳ್ಳು ಎಂದು ಪ್ರಭುಗಳು ಹೇಳಲಿಲ್ಲ. ಕಾಯ ಗಟ್ಟಿಯಾಯಿತು, ಸರಿ. ಅದನ್ನು ಗಟ್ಟಿ ಮಾಡಿದ ‘ನಾನು’ ಏನಾಯಿತು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಪ್ರಯೋಗಾಲಯಕ್ಕೂ ನಾವು ಕೇಳಬೇಕಾದದ್ದು ಇದನ್ನೇ. ನೀವು ಮಾಡಿದ್ದು ಆಗುತ್ತದೋ ಇಲ್ಲವೋ ನೀವು ಬಲ್ಲಿರಿ. ಆದ ಮೇಲೆ ಅದರ ಹೊಣೆಗೆ ಯಾರಿದ್ದೀರಿ?

ಇದನ್ನು ಕೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂದು ಯಾರಾದರೂ ಅಂದರೆ, ಕ್ಯಾಸನೂರಿನಿಂದ ಬಂತು ಎನ್ನುತ್ತೇನೆ.

ನಮ್ಮ ಊರ ಹೆಸರು ಜಗತ್ತಿನ ವೈದ್ಯಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇದೆ. ಊರಿನ ಹೆಸರಾಗಿ ಅಲ್ಲ, ಒಂದು ವೈರಾಣುವಿನ ಹೆಸರಾಗಿ. 1957ರಲ್ಲಿ ಇಲ್ಲಿಯ ಕಾಡಿನಲ್ಲಿ ಮಂಗಗಳು, ಮುಸಿಯಗಳು ಸಾಲಾಗಿ ಸತ್ತವು. ಬೆನ್ನಿಗೇ ಜನರಿಗೆ ಜ್ವರ, ಮೈಕೈ ನೋವು, ಬಾಯಿ ಮೂಗಿನಲ್ಲಿ ರಕ್ತ. ಮೊದಲು ಹಳದಿ ಜ್ವರ ಇರಬಹುದೇ ಎಂದು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ಸಹಕಾರದಿಂದ 1952ರಲ್ಲಿ ಶುರುವಾಗಿದ್ದ ಕೇಂದ್ರ ಅದು. ಸತ್ತ ಮಂಗದಿಂದ ವೈರಾಣು ಬೇರ್ಪಡಿಸಿದರು, ಅದನ್ನು ಹರಡುವುದು ಕಾಡಿನ ಉಣುಗು ಎಂದು ತೋರಿಸಿದರು. ಅದು ದೊಡ್ಡ ಕೆಲಸ, ಅದನ್ನು ಕಡಿಮೆ ಮಾಡಿ ಹೇಳುವವನು ನಾನಲ್ಲ. ನಮ್ಮ ಅಜ್ಜನ ಕಾಲದಲ್ಲಿ ಸತ್ತ ಮಂಗನನ್ನು ದೇವರೆಂದು ಎತ್ತಿಕೊಂಡು ಬಂದು, ಹೂ ಹಾಕಿ, ಕೈ ಮುಗಿದು ಹೂಳುತ್ತಿದ್ದರು. ಮಂಗ ಸತ್ತ ಮೇಲೆ ಅದರ ಮೈಯ ಉಣುಗು ಇನ್ನೊಂದು ಬಿಸಿ ಮೈ ಹುಡುಕುತ್ತದೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ಅರಿವಿಲ್ಲದ ಭಕ್ತಿಯಿಂದ ಹೋದ ಜೀವಗಳ ಲೆಕ್ಕ ಯಾರೂ ಇಟ್ಟಿಲ್ಲ. ವಿಜ್ಞಾನ ಬೇಡ ಎನ್ನುವವರು ಒಮ್ಮೆ ಈ ಊರಿಗೆ ಬರಬೇಕು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಈ ವೈರಾಣುವಿಗೂ ರಷ್ಯಾದ ಕಾಡುಗಳ ಒಂದು ಉಣುಗು ರೋಗದ ವೈರಾಣುವಿಗೂ ಹೋಲಿಕೆ ಕಂಡಿತು. ಹಾಗಾದರೆ ಅದು ಸೈಬೀರಿಯಾದಿಂದ ವಲಸೆ ಹಕ್ಕಿಗಳ ಮೈಮೇಲೆ ಬಂದಿರಬಹುದೇ ಎಂಬ ಊಹೆ ಹುಟ್ಟಿತು. ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಶುರುವಾಯಿತು. ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅದನ್ನು ನಡೆಸಿತು. ಅದಕ್ಕೆ ಬಂದ ಹಣದಲ್ಲಿ ಅಮೆರಿಕದ ಸೈನ್ಯದ ಪಾಲೂ ಇತ್ತು ಎಂಬುದು ಆಮೇಲೆ ದೊಡ್ಡ ಸುದ್ದಿಯಾಯಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ನೆರವಿನ ಸಂಶೋಧನೆಗಳನ್ನೆಲ್ಲ ತರಾಟೆಗೆ ತೆಗೆದುಕೊಂಡಿತು. ರೋಗವನ್ನು ಯಾರೋ ತಂದು ಬಿಟ್ಟರು ಎಂಬ ಗುಮಾನಿಗೆ ಪುರಾವೆಯೇನೂ ಸಿಗಲಿಲ್ಲ. ಕಾಡು ಕಡಿದು ಗದ್ದೆ ಮಾಡಿದ್ದು, ಆ ಅಂಚಿನಲ್ಲಿ ದನ ಮೇಯಿಸಿದ್ದು ರೋಗಕ್ಕೆ ದಾರಿ ಮಾಡಿತು ಎಂದೇ ಅಧ್ಯಯನ ಮಾಡಿದವರು ಹೇಳುತ್ತಾರೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬದಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಈಗ ಎಷ್ಟು ಉಳಿದಿವೆ ಎಂದು ನಿಮ್ಮ ನಿಮ್ಮ ಊರಲ್ಲೇ ನೋಡಿಕೊಳ್ಳಿ. ಅದರಲ್ಲಿ ವಿಜ್ಞಾನಿಗಳ ಕೊಡಲಿ ಇಲ್ಲ, ನಮ್ಮದೇ ಇದೆ.

ಹಾಗಿದ್ದರೂ ಆ ಗುಮಾನಿ ನಮ್ಮ ಊರಲ್ಲಿ ಇಂದಿಗೂ ಸತ್ತಿಲ್ಲ. ಕಾರಣ ಸರಳ. ಬಂದವರು ಯಾರು, ನಮ್ಮ ರಕ್ತ ಎಲ್ಲಿಗೆ ಹೋಯಿತು, ಹಣ ಯಾರದು ಎಂದು ಇಲ್ಲಿಯ ಯಾರನ್ನೂ ಕೂರಿಸಿಕೊಂಡು ಯಾರೂ ಹೇಳಲಿಲ್ಲ. ನಮ್ಮ ತಾಯಿಗೆ ಆ ಜ್ವರ ಬಂದು ಹನ್ನೆರಡು ದಿನ ಮಲಗಿದ್ದಾಗ ರಕ್ತ ತೆಗೆದುಕೊಂಡು ಹೋದರು. ಫಲಿತಾಂಶದ ಕಾಗದ ಬರಲೇ ಇಲ್ಲ. ಅವ್ವ ಉಳಿದಳು. ಪಕ್ಕದ ಮನೆಯಲ್ಲಿ ಸೌದೆಗೆ ಹೋಗುತ್ತಿದ್ದ ಹೆಣ್ಣುಮಗಳು ಉಳಿಯಲಿಲ್ಲ.

ಇನ್ನು ಲಸಿಕೆ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೂ ವರ್ಷ ವರ್ಷ. ಚುಚ್ಚಿದ ಜಾಗ ಉರಿಯುತ್ತಿದ್ದ ಕಾರಣ ಜನ ಒಂದು ಹಾಕಿಸಿಕೊಂಡು ಮತ್ತೆ ಬರುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸಿನಿಂದ ಸಿಗುತ್ತಿದ್ದ ರಕ್ಷಣೆ ಶೇ 62ರಷ್ಟು, ಮೂರನೆಯದೂ ಆದರೆ ಶೇ 83ರಷ್ಟು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಇಡೀ ರಾಜ್ಯ ತಿರುಗಿ ನೋಡಿತು. ಕೊನೆಗೆ ಆ ಲಸಿಕೆಯ ಸತ್ವ ಸಾಲದೆಂದು 2022ರಲ್ಲಿ ಅದರ ಬಳಕೆಯೇ ನಿಂತಿತು. ಹೊಸದರ ಕೆಲಸ ನಡೆದಿದೆ. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆ ಕೊಡುವ ಎಣ್ಣೆಯನ್ನು ಕಾಲಿಗೆ ಸವರಿಕೊಂಡು ಕಾಡಿಗೆ ಹೋಗಬೇಕು. ಅತ್ತ ಅಮೆರಿಕದಲ್ಲಿ, ಬಿಗಿ ಕಾವಲಿನಲ್ಲಿಡಬೇಕಾದ ಅಪಾಯಕಾರಿ ರೋಗಾಣುಗಳ ಸರ್ಕಾರಿ ಪಟ್ಟಿಯಲ್ಲಿ ಕ್ಯಾಸನೂರಿನ ಹೆಸರಿದೆ. ದೊಡ್ಡ ದೇಶದ ಸುರಕ್ಷತೆಗೆ ಬೇಕಾದಷ್ಟು ಮುಖ್ಯ ನಾವು. ಒಳ್ಳೆಯ ಲಸಿಕೆ ಕಾಲಕ್ಕೆ ಸರಿಯಾಗಿ ಸಿಗುವಷ್ಟು ಮುಖ್ಯ ಅಲ್ಲ.

ಪ್ರಕೃತಿಯಲ್ಲೇ ಇದ್ದ ಒಂದು ವೈರಾಣುವಿನ ವಿಷಯದಲ್ಲಿ ಹೀಗಾಯಿತು. ಪ್ರಕೃತಿಯಲ್ಲಿ ಇಲ್ಲದ್ದನ್ನು ಮಾಡಿದಾಗ?

2002ರಲ್ಲಿ ಅಮೆರಿಕದ ವಿಜ್ಞಾನಿಗಳು ಪೋಲಿಯೊ ವೈರಾಣುವನ್ನು ಬರೀ ರಾಸಾಯನಿಕಗಳಿಂದ ಕಟ್ಟಿದರು. 2010ರಲ್ಲಿ ಕ್ರೇಗ್ ವೆಂಟರ್ ತಂಡ ಯಂತ್ರದಲ್ಲಿ ಬರೆದ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಹಾಕಿ ಬದುಕಿಸಿತು. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ಸೇರಿ ‘ಕನ್ನಡಿ ಜೀವ’ವನ್ನು, ಅಂದರೆ ಅಣುಗಳೆಲ್ಲ ಎಡಬಲ ಅದಲುಬದಲಾದ ಬ್ಯಾಕ್ಟೀರಿಯಾವನ್ನು ಮಾಡುವುದು ಬೇಡ, ಅದು ಹೊರಬಂದರೆ ಯಾವ ಜೀವಿಯ ರೋಗನಿರೋಧಕ ಶಕ್ತಿಯೂ ಅದನ್ನು ಗುರುತಿಸದೆ ಹೋಗಬಹುದು ಎಂದು ಎಚ್ಚರಿಸಿದರು. ಅವರಲ್ಲಿ ಕೆಲವರು ಸ್ವತಃ ಆ ದಾರಿಯಲ್ಲಿ ನಡೆಯುತ್ತಿದ್ದವರು. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್‌ನಲ್ಲೂ ವಿಜ್ಞಾನಿಗಳು ಹೀಗೆಯೇ ತಮ್ಮ ಕೈಯನ್ನು ತಾವೇ ತಡೆದು, ವಂಶವಾಹಿ ಜೋಡಿಸುವ ಕೆಲಸಕ್ಕೆ ನಿಯಮ ಮಾಡಿಕೊಂಡಿದ್ದರು. ಆದ್ದರಿಂದ ‘ವಿಜ್ಞಾನಿಗಳಿಗೆ ನೀತಿ ಇಲ್ಲ’ ಎಂಬ ಮಾತನ್ನು ನಮ್ಮ ವೇದಿಕೆಗಳಲ್ಲಿ ನಿಲ್ಲಿಸಬೇಕು. ನೀತಿ ಇದೆ. ಆದರೆ ಅದು ಅವರ ಮನಸ್ಸಿನ ಮೇಲೆ ನಿಂತಿದೆ, ಅಷ್ಟೇ.

ನಮ್ಮ ದೇಶದಲ್ಲಿ ಇರುವುದು 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಬಂದ 1989ರ ನಿಯಮಗಳು. ಅವು ಹೇಳುವುದು ಅಪಾಯಕಾರಿ ಸೂಕ್ಷ್ಮಜೀವಿಗಳ ಬಗ್ಗೆ, ವಂಶವಾಹಿ ಬದಲಿಸಿದ ಜೀವಿ ಮತ್ತು ಕೋಶಗಳ ಬಗ್ಗೆ. ಲೋಹದ ಚೀಲಕ್ಕೆ ವಂಶವಾಹಿಯೇ ಇಲ್ಲ. ಅದು ಸೂಕ್ಷ್ಮಜೀವಿಯೂ ಅಲ್ಲ. ನಾಳೆ ಅದು ತನ್ನಂಥದ್ದನ್ನು ತಾನೇ ಮಾಡಲು ಕಲಿತರೆ, ನನ್ನ ಓದಿನ ಮಟ್ಟಿಗೆ, ಈ ನಿಯಮಗಳ ಕಣ್ಣಿಗೆ ಅದು ಬೀಳುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ಅದೇ ನಿಯಮಗಳಂತೆ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅದರಲ್ಲಿ ಸಂಸ್ಥೆಯ ಮುಖ್ಯಸ್ಥರು, ವಿಜ್ಞಾನಿಗಳು, ಒಬ್ಬ ವೈದ್ಯಕೀಯ ತಜ್ಞ, ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರತಿನಿಧಿ ಇರುತ್ತಾರೆ. ದನ ಮೇಯಿಸುವವರು, ಸೌದೆ ತರುವವರು, ಆಸ್ಪತ್ರೆಯ ಆಯಾ, ಇಂಥವರಿಗೆ ಅಲ್ಲಿ ಕುರ್ಚಿ ಇಲ್ಲ.

ಅನುಭವ ಮಂಟಪದಲ್ಲಿ ಯಾರು ಯಾರು ಕೂತಿದ್ದರು ಎಂದು ನಮ್ಮ ಮಕ್ಕಳಿಗೆ ವರ್ಷವೂ ಬಾಯಿಪಾಠ ಮಾಡಿಸುತ್ತೇವೆ. ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ. ಆದರೆ ನಮ್ಮ ಮಠಗಳ ಹೆಸರಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ, ಮೆಡಿಕಲ್ ಕಾಲೇಜುಗಳಿವೆ, ಪ್ರಯೋಗಾಲಯಗಳಿವೆ. ಅಲ್ಲಿಯ ಯಾವ ಸಮಿತಿಯಲ್ಲಾದರೂ ಒಬ್ಬ ಲಕ್ಕಮ್ಮ ಇದ್ದಾಳೆಯೇ? ಕಾಯಕವೆಂದರೆ ಬರೀ ದುಡಿಮೆಯಲ್ಲ. ತಂದ ಅಕ್ಕಿ ಬೇಕಾದ್ದಕ್ಕಿಂತ ಹೆಚ್ಚಾಯಿತೆಂದು ಗಂಡನನ್ನೇ ವಾಪಸು ಕಳಿಸಿದ ಹೆಣ್ಣುಮಗಳು ಆಕೆ. ಎಷ್ಟು ಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ಕೇಳುವವರು ಮಾಡುವವರ ಎದುರಿಗೇ ಇರಬೇಕು. ಸರ್ಕಾರ ನಿಯಮ ತಿದ್ದುವವರೆಗೆ ಕಾಯಬೇಕಾಗಿಲ್ಲ. ಮಠದ ಸಂಸ್ಥೆಗಳು ತಮ್ಮ ಸಮಿತಿಗಳಿಗೆ ಸುತ್ತಲ ಊರಿನ ಇಬ್ಬರನ್ನು, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಿ, ಇಂದೇ ಕರೆದುಕೊಳ್ಳಬಹುದು. ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಯೋಗವನ್ನು ವಿವರಿಸಲು ಆಗದ ವಿಜ್ಞಾನಿ ಇನ್ನಷ್ಟು ದಿನ ಯೋಚಿಸಲಿ. ಇದರಿಂದ ಸಂಶೋಧನೆ ನಿಧಾನವಾಗುತ್ತದೆ ಎಂದು ನನ್ನ ಗೆಳೆಯರೊಬ್ಬರು ಆಕ್ಷೇಪಿಸಿದರು. ಆಗಬಹುದು. ನಮ್ಮ ಲಸಿಕೆ ಎಷ್ಟು ವೇಗವಾಗಿ ಬಂತು ಎಂದು ನಾನು ಅವರನ್ನು ಕೇಳಿದೆ.

ಲಿಂಗದೀಕ್ಷೆಯ ಪ್ರಶ್ನೆ ಉಳಿಯಿತು. ಮೊನ್ನೆ ಆ ಹುಡುಗ ಮನೆಗೇ ಬಂದಿದ್ದ. ಬರೆದದ್ದನ್ನು ಓದಿ ಹೇಳಿದೆ. “ಸರ್, ನೀವು ನನ್ನ ಪ್ರಶ್ನೆ ಬಿಟ್ಟು ಬೇರೆ ಎಲ್ಲಾ ಬರೆದೀರಿ” ಎಂದ. ನಿಜ. ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ? ಮುಂದಿನ ಗೋಷ್ಠಿ ಡಿಸೆಂಬರಿನಲ್ಲಿ, ಉಣುಗಿನ ಕಾಲ ಶುರುವಾಗುವ ಹೊತ್ತಿಗೆ. ಆಶಾ ಕಾರ್ಯಕರ್ತೆ ಎಣ್ಣೆ ತರುತ್ತೇನೆ ಎಂದಿದ್ದಾರೆ. ಅವರ ಮಾತು ಮುಗಿದ ಮೇಲೆ ಗ್ಲಾಸ್ಗೋದ ಚೀಲಗಳ ಬಗ್ಗೆ ಹುಡುಗ ಅರ್ಧ ಗಂಟೆ ಮಾತಾಡಲಿ ಎಂದು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಸುತ್ತಲ ಊರಿನವರು ಬರಬೇಕು. ಪ್ರಸಾದದ ವ್ಯವಸ್ಥೆ ಇದೆ.