ಆಟಕ್ಕೆ ಬೀಗ, ಸಂಬಳಕ್ಕೆ ಕತ್ತರಿ

‘ಸೀಸನ್’ ಎಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಬಳ್ಳಾರಿಯ ಹತ್ತಿ ಮಿಲ್ಲಿನವರಿಗೂ ಸಿರುಗುಪ್ಪದ ಅಕ್ಕಿ ಗಿರಣಿಯವರಿಗೂ ಸೀಸನ್ ಎಂದರೆ ಮನೆಯಲ್ಲಿ ಒಲೆ ತಪ್ಪದೆ ಉರಿಯುವ ತಿಂಗಳುಗಳು. ಅದು ನಿಂತರೆ ಕುರುಗೋಡಿನ ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕವೂ ದಪ್ಪವಾಗುತ್ತದೆ. ಫುಟ್‌ಬಾಲ್ ಆಟಕ್ಕೂ ಸೀಸನ್ ಉಂಟು. 2025ರಲ್ಲಿ ಅದು ನಿಂತಾಗ ಆದದ್ದೇನು?

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಆಟದ ವಾಣಿಜ್ಯ ಹಕ್ಕನ್ನು 15 ವರ್ಷಕ್ಕೆ ರಿಲಯನ್ಸ್ ಬಳಗದ ಕೈಗಿತ್ತಿತು. ಆ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ಹೊಸದು ಕುದುರಿರಲಿಲ್ಲ. ಜುಲೈ 11ರಂದು ಇಂಡಿಯನ್ ಸೂಪರ್ ಲೀಗ್ ನಡೆಸುವ ಕಂಪನಿ ಸೀಸನ್ನನ್ನೇ ತಡೆಹಿಡಿಯಿತು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಸಾರಿತು. ಏಪ್ರಿಲ್ 12ರಂದು ಇದೇ ತಂಡ ಲೀಗಿನ ಫೈನಲ್ ಆಡಿತ್ತು! ತಂಡದ ಒಡೆತನ ಜೆಎಸ್‌ಡಬ್ಲ್ಯು ಬಳಗದ್ದು. ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕುಲುಮೆ ಉರಿಸುವ ಅದೇ ಬಳಗ.

ಸೀಸನ್ನಿಲ್ಲದೆ ವರಮಾನವೆಲ್ಲಿ ಎನ್ನುತ್ತಾರೆ. ನಷ್ಟದ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆಟಗಾರ ಸಹಿ ಹಾಕಿದ್ದು ಸಂಬಳಕ್ಕೆ, ಬಂಡವಾಳದ ಪಾಲಿಗಲ್ಲ. ಕರಾರು ಮುರಿದುಕೊಂಡವರು ದೊಡ್ಡವರು, ದಂಡ ತೆತ್ತವರು ದುಡಿಯುವವರು. ಇದು ಯಾವ ನ್ಯಾಯ?

ಲಕ್ಷಗಟ್ಟಲೆ ಎಣಿಸುವ ಆಟಗಾರನಿಗಾಗಿ ನಾವೇಕೆ ಮರುಗಬೇಕೆಂದು ಕೆಲವರು ಕೇಳಬಹುದು. ಸಿಬ್ಬಂದಿಯ ಸಂಬಳವೂ ನಿಂತಿತೆಂಬುದನ್ನು ಅವರು ಮರೆಯಬಾರದು. ಹೆಸರುಳ್ಳವನ ಸಂಬಳವನ್ನೇ ಒಂದು ಹೇಳಿಕೆಯಿಂದ ನಿಲ್ಲಿಸಬಹುದಾದರೆ, ತುಂಡು ಲೆಕ್ಕಕ್ಕೆ ಜೀನ್ಸ್ ಹೊಲಿಯುವ ಬಳ್ಳಾರಿಯ ಹೆಣ್ಣುಮಗಳ ಗತಿಯೇನು? 1953ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ತಿದ್ದುಪಡಿಯಾಗಿ, ಲೇ-ಆಫ್ ಆದ ಖಾಯಂ ಕಾರ್ಮಿಕನಿಗೆ ಅರ್ಧ ಸಂಬಳದ ಹಕ್ಕು ಬಂತು. ಆ ಅರ್ಧವೂ ಈ ಆಟದ ಮೈದಾನಕ್ಕೆ ಇಳಿಯಲಿಲ್ಲ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕ, ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರೆ. ಅಲ್ಲಿನ ನ್ಯಾಷನಲ್ ಹಾಕಿ ಲೀಗಿನ ಮಾಲೀಕರು ಸಂಬಳಕ್ಕೆ ಮಿತಿ ಹಾಕಬೇಕೆಂದು 2004ರ ಸೆಪ್ಟೆಂಬರಿನಲ್ಲಿ ಲಾಕೌಟ್ ಸಾರಿದರು. 2005ರ ಫೆಬ್ರವರಿ 16ರಂದು ಇಡೀ ಸೀಸನ್ನನ್ನೇ ರದ್ದು ಮಾಡಿದರು: 30 ತಂಡ, 1,230 ಪಂದ್ಯ. ಕೊನೆಗೆ ಮಿತಿಯೂ ಬಂತು, ಆಟಗಾರರ ಸಂಬಳದಲ್ಲಿ ನೂರಕ್ಕೆ 24ರಷ್ಟು ಕಡಿತವೂ ಆಯಿತು. ಗಟ್ಟಿ ಸಂಘವಿದ್ದವರ ಪಾಡೇ ಇದು. ಆದರೂ ಅವರನ್ನು ಮಣಿಸಲು ಮಾಲೀಕರಿಗೆ ಹತ್ತು ತಿಂಗಳು ಹಿಡಿಯಿತು. ಇಲ್ಲಿ ಒಂದು ಹೇಳಿಕೆ ಸಾಕಾಯಿತು.

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ಲೀಗ್ ಸೇರುವ ಪ್ರತಿ ಮಾಲೀಕನೂ ಇಡೀ ಸೀಸನ್ನಿನ ಸಂಬಳವನ್ನು ಮುಂಗಡ ಠೇವಣಿ ಇಡಲಿ. ಆಟಗಾರರ, ಸಿಬ್ಬಂದಿಯ ಸಂಘದೊಡನೆ ಮಾತಾಡದೆ ಸಂಬಳಕ್ಕೆ ಕೈಹಾಕದಿರಲಿ. ದೇಶದ ಆಟವನ್ನು ಒಂದೇ ಬಳಗದ ಕರಾರಿಗೆ ಕಟ್ಟಿಹಾಕುವುದು ನಿಲ್ಲಲಿ.

ಮಿಲ್ಲಾಗಲಿ ಮೈದಾನವಾಗಲಿ, ದುಡಿದವನ ಕೂಲಿಯೇ ಮೊದಲ ಸಾಲ. ಅದನ್ನು ತೀರಿಸಿದ ಮೇಲೆ ಮಾಲೀಕರು ತಮ್ಮ ನಷ್ಟದ ಲೆಕ್ಕ ಬರೆಯಲಿ.