ಮನೆ ಬಾಡಿಗೆಯದಾದರೂ ವಿಳಾಸ ನಮ್ಮದಿರಲಿ

ಕಳೆದ ತಿಂಗಳು ಚೆನ್ನೈನಿಂದ ಓದುಗರೊಬ್ಬರು ಇಮೇಲ್ ಬರೆದಿದ್ದರು. ಬ್ಯಾಂಕಿನ ಅರ್ಜಿಗಳಲ್ಲಿ ಬರುವ ಇಂಗ್ಲಿಷ್ ಪದಗಳಿಗೆ ಆಡುಮಾತಿನ ಕನ್ನಡದಲ್ಲಿ ಅರ್ಥ ಬರೆದು ನಾನೊಂದು ಪಟ್ಟಿ ಮಾಡಿದ್ದೆ. ಅದರ ಲಿಂಕನ್ನು ಅವರು ತಮ್ಮ ತಾಯಿಗೆಂದು ಉಳಿಸಿಕೊಂಡಿದ್ದರಂತೆ. ಈಗ ಲಿಂಕ್ ಒತ್ತಿದರೆ ಪುಟ ತೆರೆಯುತ್ತಿಲ್ಲ, ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತಿಲ್ಲ. "ತೆಗೆದುಬಿಟ್ಟಿರಾ ಮೇಡಂ?" ಎಂದು ಕೇಳಿದ್ದರು.

ತೆಗೆದಿರಲಿಲ್ಲ. ಪುಟ ಬೇರೆ ವಿಳಾಸಕ್ಕೆ ಹೋಗಿದೆ, ಅಷ್ಟೆ. ಆದರೆ ಹಳೆಯ ವಿಳಾಸದಲ್ಲಿ 'ಇಲ್ಲಿದ್ದವರು ಅಲ್ಲಿಗೆ ಹೋಗಿದ್ದಾರೆ' ಎಂದು ಒಂದು ಚೀಟಿ ಅಂಟಿಸುವ ಅವಕಾಶವೂ ನನಗಿರಲಿಲ್ಲ.

ಅನುವಾದದ ಕೆಲಸ ಶುರುಮಾಡಿದಾಗ ನಾನು ನೆಚ್ಚಿಕೊಂಡದ್ದು, ಬರೆದು ಒತ್ತಿದರೆ ವೆಬ್‌ಸೈಟ್ ಮಾಡಿಕೊಡುವ ಒಂದು ಕಂಪನಿಯನ್ನು. ವಿನ್ಯಾಸ ಅವರದು, ಸರ್ವರ್ ಅವರದು, ವಿಳಾಸದ ಮಧ್ಯೆ ಹೆಸರೂ ಅವರದೇ. ನಾಲ್ಕು ವರ್ಷದ ಮೇಲೆ ನನ್ನ ಯೋಜನೆಯ ಶುಲ್ಕ ನನ್ನ ಕೈಗೆ ಮೀರಿತು. ಬರಹಗಳನ್ನೆಲ್ಲ ಇಳಿಸಿಕೊಂಡು ಹೊರಬಂದೆ. ಬರಹಗಳು ನನ್ನ ಜೊತೆ ಬಂದವು, ಅವುಗಳ ವಿಳಾಸ ಬರಲಿಲ್ಲ.

ಇಂಥ ಸೇವೆಗಳ ಎಸ್‌ಇಒ ಬಗ್ಗೆ, ಎಂದರೆ ಹುಡುಕಿದವರಿಗೆ ನಮ್ಮ ಪುಟ ಸಿಗುವಂತೆ ಮಾಡುವ ಕೆಲಸದ ಬಗ್ಗೆ, ಎರಡು ಮಾತು ಕೇಳಿಬರುತ್ತವೆ. ಮಾರುವವರು ಎಲ್ಲವೂ ತಾನಾಗಿಯೇ ಆಗುತ್ತದೆ ಎನ್ನುತ್ತಾರೆ. ವೆಬ್‌ಸೈಟ್ ಕಟ್ಟಿಕೊಡುವ ಹುಡುಗರು ಇವುಗಳಿಂದ ಏನೂ ಆಗದು ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಸೈಟ್‌ಮ್ಯಾಪ್, ಸುರಕ್ಷಿತ ಸಂಪರ್ಕ, ಮೊಬೈಲಿಗೆ ಒಗ್ಗುವ ಪುಟ, ಇವನ್ನು ಒಳ್ಳೆಯ ಸೇವೆಗಳು ಚೆನ್ನಾಗಿಯೇ ನೋಡಿಕೊಳ್ಳುತ್ತವೆ. ವಿಕ್ಸ್, ಬ್ಲಾಗರ್‌ನಂಥ ಸೇವೆ ಬಳಸುವವರು ರೋಬೋಟ್ಸ್ ಕಡತವನ್ನು ತಾವೇ ತಿದ್ದುವ ಅಗತ್ಯ ಬೀಳದಿರಬಹುದು ಎಂದು ಗೂಗಲ್‌ನ ಮಾರ್ಗದರ್ಶಿಯೇ ಹೇಳುತ್ತದೆ. ಒಬ್ಬ ಬರಹಗಾರ್ತಿಗೆ, ಒಂದು ಕನ್ನಡ ಸಂಘಕ್ಕೆ ಇಷ್ಟು ಧಾರಾಳ ಸಾಕು.

ಹಾಗಾದರೆ ಮಿತಿ ಇಲ್ಲವೇ? ಇದೆ. ಕನ್ನಡದಲ್ಲಿ ಬರೆಯುವವರಿಗೆ ತುಸು ಹೆಚ್ಚೇ ಇದೆ.

ಮೊದಲನೆಯದು, ಅಂಕ ಕೊಡುವ ಮೀಟರು. ಶೀರ್ಷಿಕೆ 60 ಅಕ್ಷರ ಮೀರಿದರೆ ಅನೇಕ ಕಡೆ ಕೆಂಪು ದೀಪ ಹತ್ತುತ್ತದೆ. ಯಂತ್ರ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಮೀಟರಿಗೆ ಹೆದರಿ ಒಳ್ಳೆಯ ಶೀರ್ಷಿಕೆಗಳನ್ನು ನಾನೇ ಕತ್ತರಿಸಿದ್ದುಂಟು. ಆದರೆ ಗೂಗಲ್ ಶೀರ್ಷಿಕೆಗೆ ಇಷ್ಟೇ ಅಕ್ಷರ ಎಂಬ ಮಿತಿ ಇಟ್ಟಿಲ್ಲ. ತೆರೆಯ ಅಗಲಕ್ಕೆ ತಕ್ಕಂತೆ ತೋರಿಸುವಾಗ ಮೊಟಕು ಮಾಡುತ್ತದೆ. ಈ ಮೀಟರಿನ ಮಾತು ಕೇಳಬೇಕಾಗಿಲ್ಲ.

ಎರಡನೆಯದು, ಲಿಂಕಿನ ರೂಪ. ಬ್ಲಾಗರ್‌ನಲ್ಲಿ ಬರೀ ಕನ್ನಡದ ಶೀರ್ಷಿಕೆ ಕೊಟ್ಟು ಪ್ರಕಟಿಸಿದರೆ ಲಿಂಕಿನಲ್ಲಿ ಶೀರ್ಷಿಕೆ ಬರುವುದಿಲ್ಲ, 'ಬ್ಲಾಗ್-ಪೋಸ್ಟ್' ಎಂದು ಬಂದು ಮುಂದೊಂದು ಸಂಖ್ಯೆ ಸೇರಿಕೊಳ್ಳುತ್ತದೆ. ಲಿಂಕಿನಲ್ಲಿ ಕನ್ನಡವನ್ನೇ ಉಳಿಸುವ ಸೇವೆಗಳಲ್ಲಿ ಇನ್ನೊಂದು ಪಾಡು. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆ. 'ಕನ್ನಡ' ಎಂಬ ಪುಟ್ಟ ಪದ ಲಿಂಕಿನಲ್ಲಿ 45 ಚಿಹ್ನೆಗಳ ಸಾಲಾಗುತ್ತದೆ. ವಾಟ್ಸಾಪ್‌ನಲ್ಲಿ ಅದನ್ನು ಕಂಡವರು ವೈರಸ್ ಇರಬೇಕೆಂದು ಮುಟ್ಟುವುದೇ ಇಲ್ಲ. ಹುಡುಕಾಟದಲ್ಲಿ ಮಾತ್ರ ಇದರಿಂದ ದೊಡ್ಡ ನಷ್ಟವಿಲ್ಲ. ಲಿಂಕಿನೊಳಗಿನ ಪದಗಳಿಗೆ ಗೂಗಲ್ ಕೊಡುವ ತೂಕ ಬಹಳ ಕಡಿಮೆ.

ಮೂರನೆಯದು, ಭಾಷೆಯ ಗುರುತು. ಪುಟದ ತುಂಬ ಕನ್ನಡವಿದ್ದರೂ ಒಳಗಿನ ಕೋಡ್‌ನಲ್ಲಿ ಅದು ಇಂಗ್ಲಿಷ್ ಪುಟ ಎಂದು ಬರೆದಿರುವುದುಂಟು. ಬದಲಿಸುವ ಆಯ್ಕೆ ಎಲ್ಲ ಸೇವೆಗಳಲ್ಲೂ ಸುಲಭವಾಗಿ ಸಿಗದು. ಗೂಗಲ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕಾಣುವ ಬರಹ ನೋಡಿಯೇ ಭಾಷೆ ಗುರುತಿಸುತ್ತದೆ. ಆದರೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗಳು ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ಈ ಗುರುತು ನೋಡಿಯೇ ತೀರ್ಮಾನಿಸುವುದುಂಟು. ಇಂಗ್ಲಿಷ್ ದನಿ ಕನ್ನಡ ಓದಲು ಹೊರಟರೆ ಕೇಳುವವರಿಗೆ ಏನು ದಕ್ಕೀತು? ಸೇವೆಯನ್ನು ಆರಿಸುವ ಮೊದಲು ಈ ಆಯ್ಕೆ ಇದೆಯೇ ಎಂದು ನೋಡಿ.

ಈ ಮೂರನ್ನೂ ಹೇಗೋ ಸಹಿಸಬಹುದು. ನಾಲ್ಕನೆಯದನ್ನು ಆಗದು.

ಸೈಟ್ ಬೇರೆ ವಿಳಾಸಕ್ಕೆ ಹೋದಾಗ ಹಳೆಯ ಸರ್ವರ್ '301' ಎಂಬ ಉತ್ತರ ಕೊಡಬೇಕು. 'ಈ ಪುಟ ಶಾಶ್ವತವಾಗಿ ಅಲ್ಲಿಗೆ ಹೋಗಿದೆ' ಎಂದು ಅದರ ಅರ್ಥ. ಓದುಗರು ಹೊಸ ಪುಟಕ್ಕೆ ತಲುಪುವುದೂ, ಹಳೆಯ ಪುಟ ಗಳಿಸಿದ್ದ ನಂಬಿಕೆಯನ್ನು ಸರ್ಚ್ ಎಂಜಿನ್ ಹೊಸದಕ್ಕೆ ಸೇರಿಸುವುದೂ ಇದರಿಂದಲೇ. ಈ ವ್ಯವಸ್ಥೆಯನ್ನು ಕನಿಷ್ಠ 1 ವರ್ಷ ಇಟ್ಟಿರಿ ಎಂದು ಗೂಗಲ್ ಹೇಳುತ್ತದೆ. ಆದರೆ ಉತ್ತರ ಕೊಡಬೇಕಾದ ಸರ್ವರ್ ಕಂಪನಿಯದು. ಬ್ಲಾಗರ್‌ನಲ್ಲಿರುವ ರಿಡೈರೆಕ್ಟ್ ಆಯ್ಕೆ ಅದೇ ಬ್ಲಾಗಿನ ಒಳಗಷ್ಟೇ ನಡೆಯುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಇದನ್ನು ಪ್ರತ್ಯೇಕ ಶುಲ್ಕದ ಸೇವೆಯಾಗಿ ಮಾರುತ್ತದೆ. ಕಂಪನಿಯೇ ಬಾಗಿಲು ಹಾಕಿದರಂತೂ ಕೇಳುವುದೇ ಬೇಡ. ಯಾಹೂ 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಸ್ವಯಂಸೇವಕರು ಎಷ್ಟೋ ಪುಟಗಳ ಪ್ರತಿ ಉಳಿಸಿದರು. ಮೂಲ ವಿಳಾಸಗಳನ್ನು ಉಳಿಸುವುದು ಅವರ ಕೈಯಲ್ಲಿರಲಿಲ್ಲ.

ಇಂಗ್ಲಿಷಿನಲ್ಲಿ ಬ್ಯಾಂಕ್ ಪದಗಳ ಒಂದು ಪುಟ ಕಳೆದುಹೋದರೆ ಇನ್ನು ನೂರು ಸಿಗುತ್ತವೆ. ಕನ್ನಡದಲ್ಲಿ ಹಾಗಲ್ಲ. ಒಂದು ತಾಲೂಕಿನ ಗಾದೆಗಳು, ಮುಂಬೈಯ ಹೋಟೆಲ್ ಕೆಲಸಗಾರರ ನೆನಪುಗಳು, ಯಾರದೋ ಅಜ್ಜಿಯ ಹಾಡುಗಳು ಎಷ್ಟೋ ಸಲ ಒಂದೇ ಪುಟದಲ್ಲಿರುತ್ತವೆ. ಆ ವಿಳಾಸ ಸತ್ತರೆ ಹುಡುಕುವವರ ಪಾಲಿಗೆ ಅದನ್ನು ಯಾರೂ ಬರೆದೇ ಇಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಸರ್ವರ್ ಬಾಡಿಗೆಯದಿರಲಿ, ಹೆಸರು ನಿಮ್ಮದಿರಲಿ. ಒಂದು ಡಾಟ್ ಇನ್ ಡೊಮೈನ್‌ಗೆ ವರ್ಷಕ್ಕೆ ಹೆಚ್ಚೂಕಡಿಮೆ ಸಾವಿರ ರೂಪಾಯಿ. ಬ್ಲಾಗರ್‌ಗೆ ಅದನ್ನು ಜೋಡಿಸಲು ಬೇರೆ ಶುಲ್ಕವಿಲ್ಲ. ವಿಕ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್‌ಗಳಲ್ಲಿ ಹಣ ಕಟ್ಟುವ ಯೋಜನೆ ಬೇಕು. ಡೊಮೈನ್ ಕೂಡ ಒಂದು ಬಗೆಯ ಬಾಡಿಗೆಯೇ, ವರ್ಷ ವರ್ಷ ನವೀಕರಿಸಬೇಕು, ಮರೆತರೆ ಕೈತಪ್ಪುತ್ತದೆ, ನಿಜ. ಆದರೆ ಪುಣೆಯಲ್ಲಿ 11 ತಿಂಗಳ ಕರಾರಿನ ಮೇಲೆ ಮನೆ ಬದಲಿಸುತ್ತಲೇ ಇರುವ ನನ್ನ ಫೋನ್ ನಂಬರ್ ಬದಲಾಗಿಲ್ಲ. ಡೊಮೈನ್ ಅಂಥದ್ದು. ಸರ್ವರ್ ಬದಲಾದರೂ ಹೆಸರು ಉಳಿಯುತ್ತದೆ, ಪುಟಗಳ ಹಳೆಯ ಲಿಂಕುಗಳನ್ನು ಹೊಸ ಜಾಗದಲ್ಲಿ ಹಾಗೆಯೇ ಇಟ್ಟುಕೊಳ್ಳುವುದೋ ತಿರುಗಿಸುವುದೋ ನಮ್ಮ ಕೈಯಲ್ಲಿರುತ್ತದೆ.

ಹೊರನಾಡಿನ ಸಂಘಗಳಿಗೆ ಇನ್ನೊಂದು ಮಾತು. ಡೊಮೈನನ್ನು ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಿಂದ ಕೊಳ್ಳಿ. ಕಾರ್ಯದರ್ಶಿಯ ಸ್ವಂತ ಇಮೇಲ್‌ನಿಂದಲೋ, ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಿಂದಲೋ ಕೊಂಡರೆ, ಸಮಿತಿ ಬದಲಾದ ದಿನ ಪಾಸ್‌ವರ್ಡಿಗಾಗಿ ಪರದಾಡಬೇಕಾಗುತ್ತದೆ. ಲೆಕ್ಕದ ಪುಸ್ತಕದ ಜೊತೆ ಅದನ್ನೂ ಹಸ್ತಾಂತರಿಸಿ.

ಚೆನ್ನೈನ ಓದುಗರಿಗೆ ಹೊಸ ಲಿಂಕ್ ಕಳಿಸಿದೆ. ತಾಯಿಗೆ ಮುದ್ರಿಸಿಯೇ ಕೊಡುತ್ತೇನೆ ಎಂದು ಬರೆದರು. ಅವರು ಕೇಳಿದ್ದರಿಂದ ಗೊತ್ತಾಯಿತು. ಲಿಂಕ್ ತೆರೆಯದೆ ಸುಮ್ಮನಾದವರು ಎಷ್ಟು ಮಂದಿಯೋ, ಅವರಿಗೆ ಹೊಸ ವಿಳಾಸ ತಿಳಿಸುವ ದಾರಿ ನನಗಿಲ್ಲ.